ಗದ್ದೆಮ್ಮನ ಪಾಲಿಗೆ ಬಂದ ಪಟಗಳು

ಮಧ್ಯಾಹ್ನ ಉಂಡು ಪಾತ್ರೆ ತೊಳೆದಿಟ್ಟ ಮೇಲೆ ಗದ್ದೆಮ್ಮ ಈ ಲೋಕದಲ್ಲಿ ಇರುವುದಿಲ್ಲ. ಮಸ್ಕಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಲಗ್ನದ ಮನೆಯವರು ಗೋಡೆ ಬರೆಸಬೇಕೆಂದು ಆ ಹೊತ್ತಿಗೆ ಹುಡುಕಿಕೊಂಡು ಬಂದರೆ, ಮನೆಯ ಮುಂದಿನ ಸೈಕಲ್ ಅಂಗಡಿಯಲ್ಲಿ ಕೂತ ಗಂಡ ಹನುಮಂತು ಪಂಕ್ಚರ್ ತಿದ್ದುವ ಕೈ ಬಿಟ್ಟು ಏಳುವುದೂ ಇಲ್ಲ. "ಈಗ ಸಿಗಂಗಿಲ್ರಿ, ಆಕಿ ದೋಣ್ಯಾಗ ಹೋಗ್ಯಾಳ. ಚಾದ ಹೊತ್ತಿಗೆ ಬರ್ತಾಳ, ಕುಂದರ್ರಿ" ಎಂದು ಅವರನ್ನು ಅಲ್ಲೇ ಕೂಡಿಸಿಕೊಳ್ಳುತ್ತಾನೆ. ಬಂದವರು ನಗುತ್ತಾರೆ, ಕೂಡುತ್ತಾರೆ.

ಒಳಗೆ ಅವಳು ಮಾಡುವುದಿಷ್ಟೇ. ಬಾಗಿಲ ಬೆಳಕು ಬೀಳುವಲ್ಲಿ ಕೌದಿ ಹಾಸಿ, ತಗಡಿನ ಡಬ್ಬಿಯಿಂದ ಹಳೆಯ ಸಿಗರೇಟಿನ ಪಟಗಳನ್ನು ತೆಗೆದು ಒಂದೊಂದಾಗಿ ಜೋಡಿಸುತ್ತಾಳೆ. ಎರಡು ಬೆರಳಗಲದ ರಟ್ಟಿನ ಪಟಗಳು. ನೂರು ವರ್ಷದ ಹಿಂದೆ, ಸಿಗರೇಟು ಮುರಿಯದಿರಲೆಂದು ಪಾಕೀಟಿನೊಳಗೆ ಇಡುತ್ತಿದ್ದ ರಟ್ಟಿನ ತುಂಡಿನ ಮೇಲೆ ಯಾರೋ ಪುಣ್ಯಾತ್ಮರು ಚಿತ್ರ ಅಚ್ಚು ಹಾಕಿಸಿದ್ದರು. ಮುಂಬದಿಗೆ ಹಕ್ಕಿ, ಹೂ, ಹಡಗು, ಗರಿ ಸಿಕ್ಕಿಸಿದ ಟೊಪ್ಪಿಗೆಯ ದೊರೆಸಾನಿ. ಹಿಂಬದಿಗೆ ಬೇರೊಂದು ದೊಡ್ಡ ಚಿತ್ರದ ಚೂರು. ಎಲ್ಲ ಪಟಗಳನ್ನೂ ಬೆನ್ನು ಮೇಲಾಗಿ ಜೋಡಿಸಿದರೆ ಆ ದೊಡ್ಡ ಚಿತ್ರ ಪೂರ್ತಿ ಕಾಣಬೇಕು. ಗದ್ದೆಮ್ಮನ ಬಳಿ ಇರುವುದು ಅರ್ಧ. ಹಾಗಾಗಿ ಅವಳ ಕೌದಿಯ ಮೇಲೆ ಒಂದು ಹೊಳೆ ಅಲ್ಲಲ್ಲಿ ಹರಿದು ಅಲ್ಲಲ್ಲಿ ಮಾಯವಾಗುತ್ತದೆ. ಕಲ್ಲಿನ ಮೆಟ್ಟಿಲುಗಳು ಇಳಿಯುತ್ತಾ ಇಳಿಯುತ್ತಾ ನಿಂತುಬಿಡುತ್ತವೆ. ದೋಣಿಗೆ ಮೂತಿ ಇದೆ, ಹೊಟ್ಟೆ ಇಲ್ಲ. ಮೆಟ್ಟಿಲ ಮೇಲೆ ನಿಂತ ಹುಡುಗಿಯೊಬ್ಬಳು ಕೈ ಚಾಚಿದ್ದಾಳೆ, ಬೆರಳ ತುದಿಗೆ ಬರುವಷ್ಟರಲ್ಲಿ ಪಟ ಮುಗಿದುಹೋಗುತ್ತದೆ. ಆ ಕೈ ಯಾರಿಗೆ ಚಾಚಿದ್ದು, ಅದಕ್ಕೆ ಏನು ಸಿಕ್ಕಿತು, ಅದೊಂದನ್ನು ಕಣ್ಣಾರೆ ಕಾಣಬೇಕು ಎನ್ನುವುದು ಗದ್ದೆಮ್ಮನ ಜೀವದ ಆಸೆ.

ನೋಡುತ್ತಾ ನೋಡುತ್ತಾ ಅವಳು ಒಳಗೆ ಹೋಗಿಬಿಡುತ್ತಾಳೆ. ಮೆಟ್ಟಿಲ ಕಲ್ಲು ಅಂಗಾಲಿಗೆ ತಣ್ಣಗೆ ತಾಗುತ್ತದೆ. ನೀರಿನ ಮೇಲೆ ಸಂಜೆಗೂ ಮುಂಚಿನ ಹಳದಿ ಬೆಳಕು, ಅದು ಎಂದೂ ಇಳಿಯುವುದಿಲ್ಲ. ಪಟವಿಲ್ಲದ ಜಾಗ ಬಂದಾಗ ಕಾಲಿಡಲು ನೆಲವಿರುವುದಿಲ್ಲ. ಆಗ ಸೀರೆಯ ನೆರಿಗೆ ಎತ್ತಿ ಹಿಡಿದು ಒಂದು ಜಿಗಿತ ಜಿಗಿದು ಮುಂದಿನ ಪಟಕ್ಕೆ ಹಾಯುತ್ತಾಳೆ. ಅರವತ್ತು ದಾಟಿದ ಮೊಣಕಾಲಿಗೆ ಅಲ್ಲಿ ನೋವೆಂಬುದಿಲ್ಲ. ದೂರದಲ್ಲಿ ಯಾರೋ ನೀರಿಗೆ ಹುಟ್ಟು ಹಾಕುವ ಸಪ್ಪಳ. ಹುಡುಗಿಯ ಹಿಂದೆ ಹೋಗಿ ನಿಂತು ಅವಳ ಭುಜದ ಮೇಲಿನಿಂದ ಇಣುಕುತ್ತಾಳೆ. ಅಲ್ಲಿಂದ ಮುಂದೆ ಬರೀ ಕೌದಿ.

ಈ ಪಟಗಳು ಬಂದದ್ದು ಹಟ್ಟಿಯಿಂದ. ಬಂಗಾರದ ಗಣಿಯಲ್ಲಿ ಬಿಳಿ ಸಾಹೇಬರಿದ್ದ ಕಾಲಕ್ಕೆ ಗದ್ದೆಮ್ಮನ ಮುತ್ಯಾ, ಅವಳ ಅಪ್ಪನ ಅಪ್ಪ, ಒಂದು ಬಂಗಲೆಯಲ್ಲಿ ಕಸ ಹೊಡೆಯುತ್ತಿದ್ದ. ಸಾಹೇಬ ಸೇದಿ ಎಸೆದ ಪಾಕೀಟಿನಿಂದ ಪಟ ಹೆಕ್ಕಿ ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಊರಿಗೆ ತರುತ್ತಿದ್ದ. ಹಟ್ಟಿಯಿಂದ ಆ ಮನೆಗೆ ಬಂದ ಬಂಗಾರ ಅಂದರೆ ಅದೇ. ಮುತ್ಯಾನ ನಂತರ ಪಟಗಳ ಡಬ್ಬಿ ಅಪ್ಪ ಅಂಬಪ್ಪನ ಕೈಗೆ ಬಂತು. ಅಂಬಪ್ಪ ಗೊರೇಬಾಳದಲ್ಲಿ ನೆಲ್ಲು ಬೆಳೆಯುತ್ತಿದ್ದ. ಕೆಲಸವಿಲ್ಲದ ಮಧ್ಯಾಹ್ನ ಮಕ್ಕಳಿಬ್ಬರನ್ನು, ಹಿರಿಯ ಸೂಗಪ್ಪ ಮತ್ತು ಕಿರಿಯ ಗದ್ದೆಮ್ಮನನ್ನು, ಕೈ ತೊಳೆಸಿ ಎದುರಿಗೆ ಕೂಡಿಸಿಕೊಂಡು ಡಬ್ಬಿ ತೆಗೆಯುವನು. ಪಟದ ಅಂಚನ್ನು ಎರಡು ಉಗುರಲ್ಲಿ ಹಿಡಿದು ಮುಂಬದಿಯನ್ನಷ್ಟೇ ತೋರಿಸುವನು. ಮುಟ್ಟಲು ಕೊಟ್ಟವನಲ್ಲ.

"ಹಕ್ಕಿ ನೆರಳು ನೋಡ್ರಿ. ಕಪ್ಪು ಐತೇನು?"

"ಇಲ್ಲಪ್ಪ, ನೀಲಿ ಐತಿ."

"ಹಾಂ. ಬರದಾವ ಹುಚ್ಚ ಅಲ್ಲ."

ಕಣ್ಣಿಗೆ ಹತ್ತಿರ ಹಿಡಿದರೆ ಹಕ್ಕಿಯೇ ಇಲ್ಲ, ಬರೀ ಕೆಂಪು ಹಳದಿ ಚುಕ್ಕಿಗಳು, ರಾಗಿ ಚೆಲ್ಲಿದಂತೆ. ತುಸು ದೂರ ಒಯ್ದರೆ ಚುಕ್ಕಿಗಳೆಲ್ಲ ಕೂಡಿ ಬಿಸಿಯಾದ ಎದೆಯಾಗುತ್ತಿತ್ತು. ಅಂಬಪ್ಪ ಹಾಗೆ ಹತ್ತಿರ ದೂರ, ಹತ್ತಿರ ದೂರ ಆಡಿಸುತ್ತಿದ್ದರೆ ಮಕ್ಕಳು ಉಸಿರು ಬಿಡುವುದನ್ನೂ ಮರೆಯುತ್ತಿದ್ದರು. ಎಲ್ಲಕ್ಕಿಂತ ಕೆಳಗೆ, ಡಬ್ಬಿಯ ತಳದಲ್ಲಿ, ಅವನು ಕೊನೆಗೆ ತೋರಿಸುತ್ತಿದ್ದ ಪಟವೊಂದಿತ್ತು. ಕೆಂಪೆದೆಯ ಪುಟ್ಟ ಹಕ್ಕಿ, ಕುತ್ತಿಗೆ ಹೊರಳಿಸಿ ಹಿಂದೆ ನೋಡುತ್ತಿದೆ. ಕೂತ ಕೊಂಬೆಯ ತುಂಬ ಬೆಳ್ಳಗೆ ಏನೋ ಮೆತ್ತಿದೆ. ಅದೇನೆಂದು ಮಕ್ಕಳು ಕೇಳಿದಾಗ ಅಂಬಪ್ಪ ಬಹಳ ಯೋಚಿಸಿ, "ಹತ್ತಿ" ಎಂದು ತೀರ್ಪು ಕೊಟ್ಟಿದ್ದ. ಲಿಂಗಸುಗೂರಿನ ದವಾಖಾನೆಯಲ್ಲಿ ನರ್ಸ್ ಆಗಿರುವ ಗದ್ದೆಮ್ಮನ ಮಗಳು ಭಾರತಿ, ಅದು ಹತ್ತಿಯಲ್ಲ, ಹಿಮ ಎಂದು ಎಷ್ಟೋ ಸಲ ಹೇಳಿದ್ದಾಳೆ. ಗದ್ದೆಮ್ಮ ಒಪ್ಪಲಿಲ್ಲ. "ಹಕ್ಕಿಗೇನು ಬುದ್ಧಿ ಇಲ್ಲೇನ, ಐಸಿನ ಮ್ಯಾಲೆ ಹೋಗಿ ಕುಂದ್ರಾಕ?" ಎಂದು ಮಗಳ ಬಾಯಿ ಮುಚ್ಚಿಸಿದಳು.

ಅಪ್ಪ ಸತ್ತ ಮೇಲೆ ಹೊಲ, ಮನೆ ಎಲ್ಲ ಸೂಗಪ್ಪನಿಗೆ ಹೋಯಿತು. ಮಸ್ಕಿಗೆ ಕೊಟ್ಟ ಮಗಳು ಗದ್ದೆಮ್ಮ ಅದರಲ್ಲಿ ಒಂದು ಹುಲ್ಲುಕಡ್ಡಿಯನ್ನೂ ಕೇಳಲಿಲ್ಲ. "ನನಗ ಆ ಡಬ್ಬಿ ಅಷ್ಟ ಕೊಡ್ರಿ" ಎಂದಳು. ಸೂಗಪ್ಪ, "ಡಬ್ಬಿ ಒಂದು ಬಿಟ್ಟು ಏನ್ ಬೇಕಾದ್ದು ಕೇಳು" ಎಂದ. ಹೊಲಕ್ಕೆ ಜಗಳವಾಡುವ ಒಡಹುಟ್ಟಿದವರನ್ನು ಊರು ಬೇಕಾದಷ್ಟು ಕಂಡಿತ್ತು. ಸಿಗರೇಟಿನ ರಟ್ಟಿಗೆ ಹಟ ಹಿಡಿದವರನ್ನು ಕಂಡಿರಲಿಲ್ಲ. ಅವರ ಸೋದರಮಾವ ನಡುವೆ ಕೂತು, ಇಸ್ಪೀಟು ಎಲೆ ಹಾಕಿದಂತೆ, ಇದು ನಿನಗೆ, ಇದು ಆಕೆಗೆ ಎಂದು ಒಂದೊಂದಾಗಿ ಹಂಚಿದ. ನ್ಯಾಯ ಅಂದರೆ ನ್ಯಾಯ. ಕೊನೆಗೆ ಒಂದು ಉಳಿಯಿತು. ಡಬ್ಬಿಯ ತಳದ ಪಟ, ಕೆಂಪೆದೆಯ ಹಕ್ಕಿ.

ಇಬ್ಬರ ಕೈಯೂ ಒಟ್ಟಿಗೆ ಮುಂದೆ ಬಂತು. ಮಾವ ಸಿಟ್ಟಾಗಿ ಪಟವನ್ನು ಡಬ್ಬಿಯ ಮುಚ್ಚಳದಡಿ ಇಟ್ಟು, "ಮೊದಲ ಉಣ್ರಿ, ಆಮ್ಯಾಲೆ ನೋಡೂಣು" ಎಂದ. ಮನೆ ತುಂಬ ನೆಂಟರು, ಮಕ್ಕಳು, ಓಡಾಟ. ಉಂಡು ಬಂದು ಮುಚ್ಚಳ ಎತ್ತಿದರೆ ಪಟವಿಲ್ಲ. ಸೂಗಪ್ಪ ತಂಗಿಯ ಮುಖ ನೋಡಿದ, ಗದ್ದೆಮ್ಮ ಅಣ್ಣನ ಮುಖ ನೋಡಿದಳು. "ಕಳ್ಳಿ" ಎಂದು ಅವನು, "ಕಳ್ಳ" ಎಂದು ಇವಳು. ಗದ್ದೆಮ್ಮ ಅಪ್ಪನ ಡಬ್ಬಿಯನ್ನು ಅಲ್ಲೇ ಬಿಟ್ಟು, ತನ್ನ ಪಾಲಿನ ಪಟಗಳನ್ನು ಸೆರಗಿಗೆ ಕಟ್ಟಿಕೊಂಡು, ಎಲೆಯಡಿಕೆಯನ್ನೂ ಮುಟ್ಟದೆ ಬಸ್ಸು ಹತ್ತಿದಳು. ಮೂವತ್ತು ವರ್ಷದ ಮೇಲಾಯಿತು. ಅಣ್ಣತಂಗಿಯ ನಡುವೆ ಆಮೇಲೆ ಒಂದೇ ಒಂದು ಮಾತಿಲ್ಲ.

ಮಸ್ಕಿಗೆ ಬಂದು ಸೆರಗು ಬಿಚ್ಚಿದಾಗಲೇ ಅವಳಿಗೆ ಪಟಗಳ ಬೆನ್ನಿನ ಚಿತ್ರ ಕಂಡದ್ದು. ಅಪ್ಪ ಎಂದೂ ತಿರುವಿ ತೋರಿಸಿರಲಿಲ್ಲ. ಜೋಡಿಸಿ ನೋಡಿದಳು. ಹೊಳೆ ಕಂಡಿತು, ಮೆಟ್ಟಿಲು ಕಂಡಿತು, ಹುಡುಗಿಯ ಕೈ ಕಂಡಿತು. ಅಲ್ಲಿಂದ ಶುರುವಾಯಿತು ನೋಡಿ ಅವಳ ಹುಚ್ಚು.

ನೋಡಿ ನೋಡಿ ಕೈಗೂ ಬಂತು. ನಮ್ಮ ಕಡೆ ಲಗ್ನವೆಂದರೆ ಮನೆಗೆ ಸುಣ್ಣ ಬಳಿದು ಬಾಗಿಲ ಎಡಬಲಕ್ಕೆ ಬಾಳೆಗಿಡ, ಕಳಸ, ಗಿಳಿ ಬರೆಸಿ, ಹುಡುಗ ಹುಡುಗಿಯ ಹೆಸರು ಬರೆಸುತ್ತಾರೆ. ಗದ್ದೆಮ್ಮ ಗಿಳಿಯ ಜಾಗದಲ್ಲಿ ಕೆಂಪೆದೆಯ ಹಕ್ಕಿ ಬರೆದಳು, ಬಿರಿದ ಹತ್ತಿಕಾಯಿಯ ಮೇಲೆ, ನೀಲಿ ನೆರಳು ಕೊಟ್ಟು. ಮೊದಮೊದಲು ಜನ, "ಇದ್ಯಾವ ಹಕ್ಕಿನಬೇ, ನಮ್ಮ ಹೊಲದಾಗ ಇಲ್ಲದ್ದು?" ಎಂದು ಮೂಗೆಳೆದರು. ಆಮೇಲೆ ಆ ಹಕ್ಕಿ ಇಲ್ಲದ ಲಗ್ನ ಲಗ್ನವೇ ಅಲ್ಲ ಎನ್ನುವಂತಾಯಿತು. ಲಿಂಗಸುಗೂರಿನ ತನಕ ಅವಳನ್ನು ಕರೆದುಕೊಂಡು ಹೋಗುವವರಿದ್ದರು.

ಅತ್ತ ಗೊರೇಬಾಳದಲ್ಲಿ ಸೂಗಪ್ಪನೂ ಬ್ರಷ್ ಹಿಡಿದಿದ್ದ. ಅವನದು ಟ್ರ್ಯಾಕ್ಟರಿನ ಟ್ರಾಲಿ. ಕಾಲುವೆ ನೀರಿನ ಊರುಗಳಿಂದ ನೆಲ್ಲುಹುಲ್ಲು ಹೇರಿಕೊಂಡು ಮಸ್ಕಿಯ ಮೇಲೆ ಹೋಗುವ ಟ್ರಾಲಿಗಳ ಹಿಂಬದಿಯ ತಗಡಿನಲ್ಲಿ ಗದ್ದೆಮ್ಮ ಅಣ್ಣ ಬರೆದ ಚಿತ್ರಗಳನ್ನು ಗುರುತು ಹಿಡಿದಳು. ಒಂದರಲ್ಲಿ ದೋಣಿಯ ಹೊಟ್ಟೆ. ಇನ್ನೊಂದರಲ್ಲಿ ಅವಳ ಪಾಲಿಗೆ ಬಾರದ ಮೆಟ್ಟಿಲುಗಳು. ಮತ್ತೊಂದರಲ್ಲಿ ದೋಣಿಯಲ್ಲಿ ನಿಂತ ಗಂಡಸೊಬ್ಬನ ತೋಳು. ಟ್ರಾಲಿ ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ಓಡಿ ಒಳಗೆ ಬಂದು, ಕಂಡದ್ದನ್ನು ಕೌದಿಯ ಖಾಲಿ ಜಾಗದಲ್ಲಿ ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಿದ್ದಳು. ಹೀಗೆ ವರ್ಷಗಟ್ಟಲೆ ಹುಲ್ಲಿನ ಗಾಡಿಗಳು ಅವಳಿಗೆ ಅಣ್ಣನ ಪಾಲನ್ನು ತಂದುಕೊಟ್ಟವು. ಅವನೂ ಲಗ್ನಗಳಿಗೆ ಬಂದಾಗ ಅವಳ ಗೋಡೆಗಳ ಮುಂದೆ ಬಹಳ ಹೊತ್ತು ನಿಲ್ಲುತ್ತಾನೆಂದು ಜನ ಹೇಳುತ್ತಿದ್ದರು.

ಆದರೆ ಅವನ ಟ್ರಾಲಿಗಳ ಮೇಲೂ ಕೆಂಪೆದೆಯ ಹಕ್ಕಿ ಬರುತ್ತಿತ್ತು. ಅದನ್ನು ಕಂಡಾಗಲೆಲ್ಲ ಗದ್ದೆಮ್ಮನ ಮೈ ಉರಿಯುತ್ತಿತ್ತು.

"ನೋಡ್ರಿ, ನೋಡ್ರಿ! ಕುತ್ತಿಗಿ ಹೆಂಗ ಹೊಳ್ಳಿಸ್ಯಾನ! ಪಟ ಎದುರಿಗಿಟ್ಕೊಂಡ ಬರದಾನ, ಕಳ್ಳ!"

"ನೀನೂ ಬರೀತೀಯಲ್ಲ?" ಎಂದು ಹನುಮಂತು ಕೆಣಕುವನು.

"ನನಗ ನೆನಪೈತಿ. ಅವಗೇನ ನೆನಪಿರತೈತಿ? ತಂಗೀನ ನೆನಪಿಲ್ಲ ಅವಗ!"

ಬೇರೆ ಚೂರುಗಳೆಲ್ಲ ಟ್ರಾಲಿಗಳ ಮೇಲೆ ಬಂದುಹೋಗಿದ್ದವು, ಅಂದಮೇಲೆ ಆ ಪಟದ ಬೆನ್ನಲ್ಲೇ ಹುಡುಗಿಯ ಬೆರಳುಗಳ ಮುಂದಿನ ಚಿತ್ರ ಇರಬೇಕು. ಚಿತ್ರದ ನಟ್ಟನಡುವಿನ ಆ ತುಂಡನ್ನು ಸೂಗಪ್ಪ ಯಾವ ಟ್ರಾಲಿಯ ಮೇಲೂ ಬರೆಯಲಿಲ್ಲ. ಬೇಕೆಂದೇ ಮುಚ್ಚಿಟ್ಟಿದ್ದಾನೆ, ತನ್ನನ್ನು ಸತಾಯಿಸಲಿಕ್ಕೆ, ಎಂದು ಗದ್ದೆಮ್ಮ ತೀರ್ಮಾನಿಸಿದ್ದಳು.

ಈ ವರ್ಷ ಸುಗ್ಗಿ ಮುಗಿದು ಹುಲ್ಲಿನ ಗಾಡಿಗಳು ಬರತೊಡಗಿದಾಗ ಗದ್ದೆಮ್ಮ ದಿನವೂ ರಸ್ತೆಗೆ ಹೋಗಿ ನಿಂತಳು. ಹಳೆಯ ಟ್ರಾಲಿಗಳೇ ಬಂದವು. ಹೊಸದೊಂದು ಬಂತು, ಕರೀಂಸಾಬನದು. ಅವನು ಗೊರೇಬಾಳದಿಂದ ಹುಲ್ಲು ತರುವ ಡ್ರೈವರ್. ಹಿಂದೆ ತಗಡಿಗೆ ಅಂಗಡಿಯಲ್ಲಿ ಸಿಗುವ ಹುಲಿಯ ಸ್ಟಿಕ್ಕರ್ ಅಂಟಿಸಿದ್ದ.

"ಏನಪಾ ಕರೀಂಸಾಬ್, ಬರಸಲಿಲ್ಲೇನು?"

"ಯಾರ ಕಡಿಂದ ಬರಸ್ಲಿ ಯಕ್ಕಾ? ಸೂಗಪ್ಪಣ್ಣನ ಬಲಗೈಗೆ ಲಕ್ವ ಹೊಡದೈತಿ. ಬ್ರಷ್ ಬಿಡ್ರಿ, ತುತ್ತು ಎತ್ತಾಕ ಬರಂಗಿಲ್ಲ. ಅತ್ತಿಗಿ ಉಣಸಾಕತ್ತಾಳ."

ಗದ್ದೆಮ್ಮ "ಹೌದಾ" ಎಂದಳು, ಅಷ್ಟೇ. ಮನೆಗೆ ಬಂದು ಕೌದಿ ಹಾಸಿದಳು. ಆ ಮಧ್ಯಾಹ್ನ ಪಟಗಳು ಅವಳನ್ನು ಒಳಗೆ ಬಿಡಲಿಲ್ಲ. ಹೊಳೆ ಬರೀ ನೀಲಿ ಚುಕ್ಕಿಗಳಾಗಿ ಕೂತಿತು. ಮೆಟ್ಟಿಲು ತಣ್ಣಗಾಗಲಿಲ್ಲ. ಮರುದಿನವೂ ಹಾಗೇ. ಅದರ ಮರುದಿನ ಅವಳು ಡಬ್ಬಿ ತೆಗೆಯಲೇ ಇಲ್ಲ, ಗೋಡೆಗೆ ಒರಗಿ ಸುಮ್ಮನೆ ಕೂತಳು. ಹನುಮಂತು ಹೊರಗಿನಿಂದ ಇಣುಕಿ ನೋಡಿ, ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದ.

"ಏ ಗದ್ದೀ, ಹೋಗಿ ಬಾ."

"ಕಳ್ಳನ ಮನಿಗೆ ನಾ ಯಾಕ ಹೋಗ್ಲಿ?"

"ಅವನ್ನ ನೋಡಾಕ ಹೋಗಬ್ಯಾಡ. ಪಟ ನೋಡಾಕ ಹೋಗು. ನಾಳೆ ಅವಗ ಏನರ ಹೆಚ್ಚುಕಮ್ಮಿ ಆದ್ರ, ಆ ನಡುವಿಂದು ನೋಡದ ಸಾಯ್ತಿ ನೋಡು ನೀ."

ಅದು ಅವಳಿಗೆ ನಾಟಿತು. ಮರುದಿನ ಬೆಳಿಗ್ಗೆ ಡಬ್ಬಿಯನ್ನು ಸೀರೆಯ ತುಂಡಿನಲ್ಲಿ ಸುತ್ತಿ ಸಿಂಧನೂರು ಬಸ್ಸು ಹತ್ತಿದಳು. ಕಪ್ಪು ಎರೆನೆಲ ಹಿಂದಕ್ಕೆ ಸರಿದು ಕಾಲುವೆ ಬಂತು, ಕಾಲುವೆಯ ಜೊತೆಗೇ ಎರಡನೇ ಬೆಳೆಗೆ ನಾಟಿ ಮಾಡಿದ ಹಸಿರು ಬಂತು. ಗದ್ದೆಯ ನೀರಿನಲ್ಲಿ ಮೋಡ ಬಿದ್ದಿತ್ತು. ಕಿಟಕಿಗೆ ತಲೆಯಾನಿಸಿದ ಗದ್ದೆಮ್ಮನಿಗೆ, ತಾನು ಬಸ್ಸಿನಲ್ಲಿಲ್ಲ, ಒಂದು ಪಟದಿಂದ ಇನ್ನೊಂದು ಪಟಕ್ಕೆ ಹಾಯುತ್ತಿದ್ದೇನೆ ಅನ್ನಿಸಿತು. ಬದುವಿನ ಮೇಲೆ ನಿಂತ ಬೆಳ್ಳಕ್ಕಿಯ ನೆರಳು ನೀಲಿಯಾಗಿತ್ತು. ಬಾಯಿಬಿಟ್ಟು ಅಪ್ಪನಿಗೆ ಹೇಳಬೇಕೆನ್ನಿಸಿ, ಪಕ್ಕದಲ್ಲಿ ಕೂತ ಹೆಂಗಸನ್ನು ನೋಡಿ ಸುಮ್ಮನಾದಳು.

ಗೊರೇಬಾಳದ ಮನೆಯ ಬಾಗಿಲಲ್ಲಿ ಸೂಗಪ್ಪನ ಹೆಂಡತಿ ಶೇಖಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಗುರುತು ಹತ್ತಿದ್ದೇ ತಂಬಿಗೆ ನೀರು ತಂದು ಕಾಲ ಬಳಿ ಇಟ್ಟಳು. ಬೈಗುಳ ನಿರೀಕ್ಷಿಸಿದ್ದ ಗದ್ದೆಮ್ಮನಿಗೆ ಅದೇ ಸಂಕಟವಾಯಿತು.

"ಒಳಗ ಬಾರವ್ವ. ಎಚ್ಚರ ಅದಾರ."

ಪಡಸಾಲೆಯಲ್ಲಿ ಮಂಚದ ಮೇಲೆ ಸೂಗಪ್ಪ ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಬಲಗೈ ತೊಡೆಯ ಮೇಲೆ ಯಾರೋ ಇಟ್ಟುಹೋದಂತೆ ಬಿದ್ದಿತ್ತು. ತಂಗಿಯನ್ನು ನೋಡಿದ. ಹೇಗಿದ್ದೀ ಎನ್ನಲಿಲ್ಲ, ಯಾಕೆ ಬಂದೆ ಎನ್ನಲಿಲ್ಲ.

"ತಂದೀ?" ಎಂದ.

"ತಂದೀನಿ" ಎಂದು ಅವಳು ಡಬ್ಬಿಯ ಗಂಟು ಬಿಚ್ಚಿದಳು.

ಸೂಗಪ್ಪ ಎಡಗೈಯಿಂದ ದಿಂಬಿನಡಿ ತಡಕಿ ತನ್ನ ಪಾಲು ತೆಗೆದ. ಮಂಚ ಇಳಿದು, ಗೋಡೆ ಹಿಡಿದು ನೆಲಕ್ಕೆ ಕೂತ. ಅಣ್ಣತಂಗಿ ಎದುರುಬದುರು ಕೂತು ಪಟಗಳನ್ನು ಜೋಡಿಸತೊಡಗಿದರು. ಅವಳೊಂದು ಇಟ್ಟರೆ ಅವನೊಂದು ಇಟ್ಟ. ಯಾವುದು ಎಲ್ಲಿಗೆ ಎಂದು ಇಬ್ಬರೂ ಕೇಳಲಿಲ್ಲ, ಇಬ್ಬರಿಗೂ ಬಾಯಿಪಾಠವಿತ್ತು. ಮುರಿದ ಹೊಳೆ ಒಂದಾಗಿ ಹರಿಯಿತು. ಮೆಟ್ಟಿಲುಗಳು ನೀರಿನ ತನಕ ಇಳಿದವು. ದೋಣಿಗೆ ಹೊಟ್ಟೆ ಬಂತು, ಹಾಯಿ ಬಂತು, ಹಾಯಿಯ ತುಂಬ ಹಳದಿ ಬೆಳಕು. ದಡದ ಮರಕ್ಕೆ ಎಲೆಗಳು ಕೂಡಿದವು. ಅಯ್ಯೋ, ಎಷ್ಟು ಚೆಂದವಿತ್ತು ಅದು! ಕನಸಿನಲ್ಲಿ ತಾನು ಕಟ್ಟಿಕೊಂಡದ್ದಕ್ಕಿಂತ ಚೆಂದವಿತ್ತು. ಶೇಖಮ್ಮ ಕೂಡ ಮೊರ ಹಿಡಿದುಕೊಂಡೇ ಬಂದು ನಿಂತಳು. ಈ ಕಡೆ ಹುಡುಗಿಯ ಚಾಚಿದ ಕೈ, ಆ ಕಡೆ ದೋಣಿಯೊಳಗಿನ ಗಂಡಸಿನ ಚಾಚಿದ ಕೈ. ನಡುವೆ ಎರಡು ಬೆರಳಗಲದಷ್ಟು ನೆಲ.

ಗದ್ದೆಮ್ಮ ಕಾದಳು. ಸೂಗಪ್ಪನೂ ಕಾದ.

"ಹಾಕಣ್ಣ" ಎಂದಳು.

"ನೀ ಹಾಕು."

"ನನ್ನವು ಮುಗದಾವು."

"ನನ್ನವೂ ಮುಗದಾವು."

"ಅಣ್ಣಾ, ಚಾಷ್ಟಿ ಮಾಡಬ್ಯಾಡ. ನಾ ಒಯ್ಯಂಗಿಲ್ಲ. ಒಂದು ಸಲ ನೋಡಿ ಹೋಗ್ತೀನಿ."

"ಅದು ನಿನ್ನ ಹಂತ್ಯಾಕ ಐತೆಲ್ಲಬೇ!" ಎಂದ ಸೂಗಪ್ಪ. "ಮಸ್ಕಿ ಗೋಡಿ ಗೋಡಿ ಮ್ಯಾಲೆ ಬರದೀದಿ ಆ ಹಕ್ಕಿ. ನೋಡದ ಹಂಗ ಯಾರರ ಬರೀತಾರೇನು? ಇವತ್ತ ತರ್ತಾಳ, ನಾಳೆ ತರ್ತಾಳ ಅಂತ ಕುಂತೀನಿ ನಾನು."

"ನಾ ನೆನಪಿನಾಗಿಂದ ಬರದೀನಣ್ಣ. ನೀ?"

"ನಾನೂ" ಎಂದ ಸೂಗಪ್ಪ.

ಆ ದಿನ ಅದನ್ನು ಯಾರು ಎತ್ತಿಕೊಂಡರೋ, ಯಾವ ಮಗು ಆಡಲು ಒಯ್ದಿತೋ, ಗಾಳಿಗೆ ಯಾವ ಸಂದಿಗೆ ಬಿತ್ತೋ. ಮಾವ ಸತ್ತು ಎಷ್ಟೋ ಕಾಲವಾಯಿತು, ಕೇಳಲು ಯಾರೂ ಉಳಿದಿಲ್ಲ. ಕಳ್ಳ ಎಂದು ಇವಳು ಅಲ್ಲಿ ಕೂತು, ಕಳ್ಳಿ ಎಂದು ಅವನು ಇಲ್ಲಿ ಕೂತು, ಎರಡು ಜೀವ ಮುದಿಯಾದವು. ಬಸ್ಸಿನಲ್ಲಿ ಒಂದು ತಾಸಿನ ದಾರಿ. ಗದ್ದೆಮ್ಮ ಆ ಖಾಲಿ ಜಾಗವನ್ನು ನೋಡಲಾಗದೆ ಮುಖ ತಿರುಗಿಸಿದಳು.

ಆಗ ಸೂಗಪ್ಪ ಕೇಳಿದ, "ಭಾರತಿ ಲಗ್ನದಾಗ, ಅಕ್ಕಿಕಾಳು ಬೀಳುವಾಗ, ಆಕಿ ಬೆನ್ನ ಹಿಂದ ಸೋದರಮಾವ ಅಂತ ಯಾರ್ನ ನಿಲ್ಲಿಸಿದ್ದಿ?"

"ನಮ್ಮ ಮನಿಯವರ ಕಡೆಯವರು ನಿಲ್ತೀವಿ ಅಂದ್ರು. ನಾ ಬ್ಯಾಡ ಅಂದೆ."

"ಮತ್ತ?"

"ಯಾರನ್ನೂ ನಿಲ್ಲಿಸಿಲ್ಲಣ್ಣ. ನಿನ್ನ ಜಾಗ ಹಂಗ ಖಾಲಿ ಬಿಟ್ಟಿದ್ದೆ."

ಸೂಗಪ್ಪ ಎಡಗೈಯಿಂದ ಕಣ್ಣು ಒರೆಸಿಕೊಂಡ. ಒರೆಸಿದಷ್ಟೂ ಬಂತು. ಗದ್ದೆಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಅವನು ಮಂಚದ ಕಾಲು ಹಿಡಿದು ಎದ್ದು ನಿಂತ.

"ಏ ಶೇಖಮ್ಮಾ, ನನ್ನ ಬಿಳಿ ಅಂಗಿ ತಾ. ಲಿಂಗಸುಗೂರು ಬಸ್ಸು ಎಷ್ಟೊತ್ತಿಗೈತಿ?"

"ಇಂಥಾ ಕೈ ಇಟ್ಕೊಂಡು ಈಗ ಎಲ್ಲಿಗಿ ಹೊಂಟ್ರಿ?"

"ಸೊಸಿ ಭಾರತಿ ಬೆನ್ನ ಹಿಂದ ನಿಲ್ಲಾಕ."

ಶೇಖಮ್ಮ ಅಂಗಿ ತಂದಳು. ಒಂದು ತೋಳಿಗೆ ಕೈ ಹೋಯಿತು, ಇನ್ನೊಂದಕ್ಕೆ ಕೈಯನ್ನು ಎತ್ತಿ ತೂರಿಸಬೇಕಾಯಿತು. ಗುಂಡಿ ಹಾಕಲು ಅವನಿಗೆ ಬರಲಿಲ್ಲ. ಗದ್ದೆಮ್ಮ ಪಟಗಳನ್ನು ದಾಟಿ ಹೋಗಿ ಅಣ್ಣನ ಎದುರಿಗೆ ನಿಂತು, ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಗುಂಡಿ ಹಾಕಿದಳು.